ಬಣ್ಣ ಬಿಟ್ಟ ಅಂಗಿಗಳು

ನಂಜನಗೂಡಿನ ನಮ್ಮ ಕಾಲೇಜಿನ ಫುಟ್‌ಬಾಲ್ ತಂಡವನ್ನು ನೋಡಿ ಆ ವರ್ಷ ಊರೆಲ್ಲ ನಕ್ಕಿತು. ನಗಲಿ ಬಿಡಿ, ನಗುವವರ ಬಾಯಿಗೆ ಬೀಗ ಹಾಕಲಾದೀತೆ? ಅದು ಎಪ್ಪತ್ತೊಂದರ ಡಿಸೆಂಬರ್. ಪಾಕಿಸ್ತಾನದ ಜೊತೆ ಯುದ್ಧ ಶುರುವಾಗಿತ್ತು. ದಿನಾ ಹೋಟೆಲಿನ ರೇಡಿಯೋದಲ್ಲಿ ಸುದ್ದಿ ಕೇಳಿಯೇ ಮೈದಾನಕ್ಕೆ ಇಳಿಯುತ್ತಿದ್ದೆವು. ಜೆರ್ಸಿಗೆಂದು ಇಟ್ಟಿದ್ದ ದುಡ್ಡನ್ನು ಯೋಧರ ನಿಧಿಗೆ ಕೊಡೋಣವೆಂದು ನಾವೇ ಹುಮ್ಮಸ್ಸಿನಲ್ಲಿ ಕೈಯೆತ್ತಿದೆವು. ಆಮೇಲೆ ನೋಡಿದರೆ ಆಡಲು ಮೈಮೇಲೆ ಅಂಗಿಯಿಲ್ಲ.

"ನಮ್ಮವ್ವ ಮಾಡ್ಕೊಡ್ತಳೆ ಬುಡ್ರೋ" ಅಂದ ನಮ್ಮ ಫಾರ್ವರ್ಡ್ ಮರಿಯಯ್ಯ.

ಅವನ ತಾಯಿ ಗೋವಿಂದಮ್ಮ ಬದನವಾಳಿನ ಖಾದಿ ಕೇಂದ್ರದಲ್ಲಿ ನೇಯುತ್ತಿದ್ದಳು. ತಾನು ನೇಯ್ದ ಬಟ್ಟೆಯಲ್ಲೇ ಅಂಗಿ ಹೊಲಿಸಿ, ಮನೆಯಂಗಳದಲ್ಲಿ ಬಣ್ಣದ ನೀರಿನ ಬಾನಿ ಇಟ್ಟು ನೀಲಿ ಅದ್ದಿ ಒಣಗಿಸಿದಳು. ನೇಯ್ಗೆಯಲ್ಲಿ ಅವಳದು ಎತ್ತಿದ ಕೈ. ಬಣ್ಣ ಹಾಕುವುದು ಮಾತ್ರ ಅವಳ ಕೆಲಸವಲ್ಲ. ಬಣ್ಣ ನಿಲ್ಲಲು ಉಪ್ಪು ಹಾಕಿ ಕುದಿಸಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಕಾಲೇಜುಗಳ ಟೂರ್ನಿಯ ಮೊದಲ ಪಂದ್ಯದಲ್ಲೇ ಬೆವರಿಗೆ ಬಣ್ಣ ಇಳಿಯಿತು. ಕತ್ತು, ತೋಳು, ಬಿಳಿ ಚಡ್ಡಿ ಎಲ್ಲ ನೀಲಿ. ಗೆದ್ದರೂ ನಮಗೆ 'ಬಾನಿ ಟೀಮು' ಎಂಬ ಹೆಸರು ಅಂಟಿತು. ಆಮೇಲೂ ಗೆದ್ದೆವು, ಹೆಸರು ಹೋಗಲಿಲ್ಲ.

ಫೈನಲ್ ತಿರುಮಕೂಡಲು ನರಸೀಪುರದಲ್ಲಿ, ಹೊಳೆ ಪಕ್ಕದ ಮೈದಾನದಲ್ಲಿ. ಹಿಂದಿನ ದಿನ ನಮ್ಮ ಆಟದ ಮೇಷ್ಟ್ರು ಎಲ್ಲಿಂದಲೋ ಕೇಳಿ ತಂದ ಮಿಲ್ ಜೆರ್ಸಿಗಳ ಗಂಟು ಬಿಚ್ಚಿದರು. ಮರಿಯಯ್ಯನ ಮುಖ ಸಪ್ಪಗಾಯಿತು.

"ಏನ್ಲಾ ಆಯ್ತು?" ಕ್ಯಾಪ್ಟನ್ ಕಾಂತರಾಜು ಗದರಿದ.

"ನಾಳೆ ನಮ್ಮವ್ವ ಮ್ಯಾಚ್ ನೋಡಕೆ ಬತ್ತಾಳೆ ಕಣೋ. ಅವ್ಳು ಮಾಡಿದ್ ಅಂಗಿ ನಮ್ ಮೈಮ್ಯಾಲೆ ಇಲ್ದೇ ಓದ್ರೆ..." ಎಂದ ಮರಿಯಯ್ಯ.

ಕಾಂತರಾಜು ಬಿಳಿಗೆರೆಯ ಗೌಡರ ಮಗ, ಮೂಗಿನ ತುದಿಯಲ್ಲೇ ಕೋಪ. ಗಂಟನ್ನು ಮತ್ತೆ ಕಟ್ಟಿ ಮೇಷ್ಟ್ರ ಕೈಗಿಟ್ಟ. "ನಾವು ನೀಲಿನೇ ಆಕ್ಕತೀವಿ ಸಾ."

"ಅದರಲ್ಲೇ ಸೋತು ನಗೆಪಾಟಲಾದರೆ?"

"ಸೋತ್ರೂ ಅದ್ರಲ್ಲೇ ಸೋಲ್ತೀವಿ."

ಆ ಮಾತಿಗೆ ನನ್ನ ಎದೆಯುಬ್ಬಿತು. ಈಗ ನೆನೆದರೂ ಉಬ್ಬುತ್ತದೆ.

ಎದುರಿಗೆ ಮೈಸೂರಿನ ತಂಡ. ನಮ್ಮ ನೀಲಿ ಇಳಿಯತೊಡಗಿದಂತೆ ಜನ ಕೇಕೆ ಹಾಕಿದರು. ಗೆರೆಯಾಚೆ ನಿಂತಿದ್ದ ಗೋವಿಂದಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಟ ಮುಗಿಯುತ್ತ ಬಂದರೂ ಎರಡೂ ಕಡೆ ಗೋಲಿಲ್ಲ. ಆಗ ಮರಿಯಯ್ಯ ಚೆಂಡನ್ನು ನೀಲಿ ಇಳಿಯುತ್ತಿದ್ದ ಎದೆಯ ಮೇಲೆ ಇಳಿಸಿಕೊಂಡು ಒದ್ದ. ಗೋಲಿನ ಬಾಯಲ್ಲಿದ್ದ ಅವರ ಬ್ಯಾಕ್ ಅದನ್ನು ಕೈಯಿಂದ ತಳ್ಳಿದ. ಆಟಗಾರರ ಗುಂಪು ಅಡ್ಡವಿದ್ದದ್ದರಿಂದ ರೆಫರಿಗೆ ಕಾಣಲಿಲ್ಲ.

"ತಲೆಗೆ ತಗುಲಿದ್ದು ಸಾರ್" ಎಂದ ಆಸಾಮಿ.

"ಅಂಗೈ ತೋರ್ಸಕೆ ಯೋಳಿ ಸಾ!" ಕಾಂತರಾಜು ಕೂಗಿದ.

ಅಂಗೈ ನೀಲಿ! ಅವನು ತಡಬಡಾಯಿಸಿ, "ಅದು ಬಾಲಿಂದಲ್ಲ ಸಾರ್, ಈಗಷ್ಟೇ ಇಲ್ಲೇ ಗೋಲಿನ ಮುಂದೆ ಅವನ ಅಂಗಿ ಹಿಡಿದೆಳೆದಿದ್ದೆ" ಎಂದವನೇ ನಾಲಿಗೆ ಕಚ್ಚಿಕೊಂಡ. ಕೈಯಿಂದ ಚೆಂಡು ಮುಟ್ಟಿದರೂ ಪೆನಾಲ್ಟಿ, ಅಂಗಿ ಎಳೆದರೂ ಪೆನಾಲ್ಟಿ. ರೆಫರಿ ನಗು ತಡೆದುಕೊಂಡು ಸೀಟಿ ಊದಿದರು. ಮರಿಯಯ್ಯ ಗೋಲು ಹೊಡೆದ. ನಾವು ಗೆದ್ದೆವು.

ಗೋವಿಂದಮ್ಮ ಹತ್ತಿರ ಬಂದಳು. ಕಣ್ಣು ತುಂಬಿತ್ತು. "ಮುಂದಿನ್ ಸಲ ಬಣ್ಣ ಬುಡ್ದಂಗೆ ಮಾಡ್ಕೊಡ್ತೀನಿ ಕಣ್ರಪ್ಪಾ."

"ಬ್ಯಾಡ ಕಣವ್ವ, ಇಂಗೇ ಇರ್ಲಿ" ಅಂದ ಕಾಂತರಾಜು. ಫೋಟೋಕ್ಕೆಂದು ಇಟ್ಟಿದ್ದ ಕುರ್ಚಿಗಳಲ್ಲಿ ನಡುವಿನದನ್ನು ತೋರಿಸಿ ಅವಳನ್ನು ಕೂರಿಸಿದ. ಅವನ ನೀಲಿ ಕೈಯ ಗುರುತು ಅವಳ ಸೆರಗಿಗೂ ಹತ್ತಿತು.

ಮುಖ ತೊಳೆದು ಬನ್ನಿ ಎಂದು ಮೇಷ್ಟ್ರು ಎಷ್ಟು ಹೇಳಿದರೂ ಒಬ್ಬರೂ ಕದಲಲಿಲ್ಲ. ಆ ಕಪ್ಪುಬಿಳುಪು ಫೋಟೋ ನನ್ನ ಮನೆಯ ಗೋಡೆಯ ಮೇಲಿದೆ. ನೋಡಿದವರು, "ಇದೇನು, ಎಲ್ಲರಿಗೂ ಮಸಿ ಮೆತ್ತಿದೆ?" ಎನ್ನುತ್ತಾರೆ. ಮಸಿಯಲ್ಲ, ನಡುವೆ ಕೂತಿರುವ ನಮ್ಮವ್ವ ಹಾಕಿದ ಬಣ್ಣ ಎನ್ನುತ್ತೇನೆ.