ಹದಿನಾಲ್ಕನೇ ಪುಟದ ಆರು ಸಾಲು

ಪತ್ರಿಕೆಯ ಕ್ರೀಡಾ ವಿಭಾಗದಲ್ಲಿ ಅವಳನ್ನು ಎಲ್ಲರೂ 'ಚಿಲ್ಲರೆ ಅಕ್ಕ' ಎನ್ನುತ್ತಿದ್ದರು. ಯಾರಿಗೂ ಬೇಡದ ಚಿಲ್ಲರೆ ಸುದ್ದಿಗಳೆಲ್ಲ ಅವಳ ಪಾಲಿಗೆ ಬರುತ್ತಿದ್ದವು ಎಂಬುದಷ್ಟೇ ಕಾರಣ. ಏಷ್ಯಾದ ಐಸ್ ಹಾಕಿ, ಬೇಸ್‌ಬಾಲ್ ಸುದ್ದಿಗಳನ್ನು ಸುದ್ದಿ ಏಜೆನ್ಸಿ ಕಳಿಸುವ ರಾಶಿಯಿಂದ ಹೆಕ್ಕಿ ಹದಿನಾಲ್ಕನೇ ಪುಟದ ಕೆಳಮೂಲೆಯಲ್ಲಿ ಕೂರಿಸುವುದು ಹನ್ನೊಂದು ವರ್ಷಗಳಿಂದ ಅವಳ ಕೆಲಸ. ಆ ಮೂಲೆಯನ್ನು ಓದುವವರು ಬೆರಳೆಣಿಕೆಯಷ್ಟು. ಜಾಹೀರಾತು ಜಾಸ್ತಿ ಬಂದ ದಿನ ಮೊದಲು ಎತ್ತಂಗಡಿಯಾಗುತ್ತಿದ್ದದ್ದೂ ಅದೇ.

ಅವಳ ತಮ್ಮ ಐಸ್ ಹಾಕಿ ಗೋಲ್‌ಕೀಪರ್. ಊರಿಗಿದ್ದ ಒಂದೇ ಒಂದು ಐಸ್ ಅಂಗಳ ಶಾಪಿಂಗ್ ಕಾಂಪ್ಲೆಕ್ಸಿನ ನೆಲಮಾಳಿಗೆಯಲ್ಲಿತ್ತು. ಮಧ್ಯಾಹ್ನವಾದರೆ ಅದರ ಒಂದು ಬದಿ ಕರಗಿ ನೀರು ನಿಲ್ಲುತ್ತಿತ್ತು. ಹಗಲೆಲ್ಲ ಅದೇ ಕಟ್ಟಡದ ಲಿಫ್ಟುಗಳನ್ನು ರಿಪೇರಿ ಮಾಡಿ, ಸಂಜೆ ಆ ನೀರಲ್ಲೇ ಬಿದ್ದು ಎದ್ದು ಆಟ ಕಲಿತವನು ಇಪ್ಪತ್ತಾರನೇ ವಯಸ್ಸಿಗೆ ದೇಶದ ತಂಡ ಸೇರಿದ.

ಆ ವರ್ಷ ಏಷ್ಯಾದ ಎರಡನೇ ದರ್ಜೆಯ ತಂಡಗಳ ಪಂದ್ಯಾವಳಿ ನಡೆದದ್ದು ಎರಡು ವಿಮಾನ ಬದಲಿಸಿ ಹೋಗಬೇಕಾದಷ್ಟು ದೂರದ ನಗರದಲ್ಲಿ. ಮೊದಲ ಪಂದ್ಯದಲ್ಲಿ ಇವರು ಒಂಬತ್ತು ಗೋಲಿನಿಂದ ಸೋತರು. ಎರಡನೆಯದರಲ್ಲಿ ಹನ್ನೊಂದು ಬಿಟ್ಟುಕೊಟ್ಟು ಒಂದನ್ನು ಹೇಗೋ ಹೊಡೆದರು. ಆ ಸುದ್ದಿಯ ಕೊನೆಗೆ ಅವಳು 'ಗೋಲ್‌ಕೀಪರ್ ನಲವತ್ತೊಂದು ಹೊಡೆತಗಳನ್ನು ತಡೆದರು' ಎಂದು ಸೇರಿಸಿದಳು.

ಮುಖ್ಯ ಉಪಸಂಪಾದಕರು ಕನ್ನಡಕದ ಮೇಲಿಂದ ನೋಡಿದರು. "ಹನ್ನೊಂದು ಬಿಟ್ಟೋನನ್ನ ಹೊಗಳ್ತಿದೀಯಲ್ಲಮ್ಮ."

"ಹೊಗಳಿಲ್ಲ ಸರ್. ಆಗಿದ್ದನ್ನ ಹೇಳಿದೀನಿ."

ಅವರು ಸಾಲನ್ನು ಹಾಗೇ ಬಿಟ್ಟರು. ಮರುದಿನ ಅಮ್ಮ ಅದನ್ನು ಎರಡು ಸಲ ಓದಿದರು. "ತಡೆದದ್ದು ನಲವತ್ತೊಂದು, ಬಿಟ್ಟದ್ದು ಹನ್ನೊಂದು. ಹಾಗಾದ್ರೆ ಗೆದ್ದ ಹಾಗೇ ಅಲ್ವೇನೆ?" ಎಂದರು.

ಮೂರನೇ ಪಂದ್ಯದ ಮಧ್ಯಾಹ್ನ ಕಚೇರಿಯಲ್ಲಿ ಯಾರೂ ಜಾಗದಲ್ಲಿರಲಿಲ್ಲ. ದೇಶದ ಬೇಸ್‌ಬಾಲ್ ತಂಡ ಮೊದಲ ಸಲ ಏಷ್ಯಾದ ಸೆಮಿಫೈನಲ್ ತಲುಪಿತ್ತು. ಆ ಆಟದಲ್ಲಿ ಯಾವ ಕಡೆಗೆ ಓಡಬೇಕು ಎಂದೂ ನಿನ್ನೆಯವರೆಗೆ ತಿಳಿಯದಿದ್ದ ಸಹೋದ್ಯೋಗಿಗಳು ಇವತ್ತು ಟೀವಿಯ ಮುಂದೆ ನಿಂತು ಆಟಗಾರರಿಗೆ ಬುದ್ಧಿ ಹೇಳುತ್ತಿದ್ದರು. ಅವಳೊಬ್ಬಳು ಕಂಪ್ಯೂಟರಿನ ಮುಂದೆ ಕೂತಿದ್ದಳು. ಹಾಕಿ ಪಂದ್ಯಕ್ಕೆ ಚಿತ್ರವಿಲ್ಲ, ಸದ್ದಿಲ್ಲ. ಸಾಲು ಸಾಲಾಗಿ ಬರುವ ಅಕ್ಷರಗಳಷ್ಟೇ.

'ಎರಡನೇ ಅವಧಿ, ಎಂಟನೇ ನಿಮಿಷ. ಆಟ ನಿಂತಿದೆ.'

ಮುಂದಿನ ಸಾಲು ಬರಲು ನಾಲ್ಕು ನಿಮಿಷ ಹಿಡಿಯಿತು. 'ಗೋಲ್‌ಕೀಪರ್ ಬದಲಾವಣೆ.'

ತಂಡ ಆಗ ಎರಡೇ ಗೋಲಿನಿಂದ ಹಿಂದಿತ್ತು. ತಮ್ಮ ಯಾವತ್ತೂ ಅಷ್ಟು ಚೆನ್ನಾಗಿ ಆಡಿರಲಿಲ್ಲ. ಅಂಥವನನ್ನು ಯಾರೂ ಸುಮ್ಮನೆ ಹೊರಗೆ ಕರೆಯುವುದಿಲ್ಲ.

ತಂಡದ ಮ್ಯಾನೇಜರಿಗೆ ಫೋನ್ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಬ್ಯಾಗಿನೊಳಗೆ ಇರುತ್ತದೆಂದು ಗೊತ್ತಿದ್ದೂ ತಮ್ಮನ ಫೋನಿಗೆ ಮಾಡಿದಳು. ಕೊನೆಗೆ ಊರಲ್ಲೇ ಇದ್ದ ಹಾಕಿ ಸಂಘದ ಕಚೇರಿಗೆ ಮಾಡಿದಳು. ಗುಮಾಸ್ತ ಸಂಕೋಚದಿಂದ ಹೇಳಿದ, "ನಾವೂ ನಿಮ್ಮ ಪೇಪರ್ ನೋಡೇ ತಿಳ್ಕೊಳ್ಳೋದು ಮೇಡಂ."

ಫೋನ್ ಕೆಳಗಿಡುವಷ್ಟರಲ್ಲಿ ಅಮ್ಮನ ಕರೆ ಬಂತು.

"ಏನಾಯ್ತೇ? ಎಷ್ಟು ತಡೆದ?"

"ಇನ್ನೂ ಆಡ್ತಿದಾರಮ್ಮ."

"ಸರಿ ಸರಿ. ಮುಗಿದ ಮೇಲೆ ಹೇಳು."

ಏಜೆನ್ಸಿಯ ಸುದ್ದಿ ಬಂದದ್ದು ಒಂದೂವರೆ ಗಂಟೆಯ ನಂತರ. ಮೂರೇ ಸಾಲು. ಪಕ್ ಎಂದು ಕರೆಯುವ ಆ ಗಟ್ಟಿ ರಬ್ಬರಿನ ಬಿಲ್ಲೆ ಗಂಟಲಿಗೆ ಬಡಿದು ಗೋಲ್‌ಕೀಪರ್ ಕುಸಿದರು. ಉಸಿರಾಟಕ್ಕೆ ತೊಂದರೆಯಾಗಿ ಆಸ್ಪತ್ರೆಗೆ ಒಯ್ಯಲಾಯಿತು. ಪಂದ್ಯ 0–8ರಲ್ಲಿ ಮುಗಿಯಿತು. ತಮ್ಮನ ಹೆಸರಿನಲ್ಲಿ ಒಂದಕ್ಷರ ತಪ್ಪಾಗಿತ್ತು. ಅವಳು ಏಜೆನ್ಸಿಗೆ ಫೋನ್ ಮಾಡಿ ಆ ಅಕ್ಷರ ಹೇಳಿ ತಿದ್ದಿಸಿದಳು. ಆ ಹೊತ್ತಿನಲ್ಲಿ ಅವನಿಗಾಗಿ ಅವಳ ಕೈಲಾದದ್ದು ಅಷ್ಟೇ.

ಟೀವಿಯ ಕಡೆಯಿಂದ ಕೇಕೆ ಎದ್ದಿತು. ಬೇಸ್‌ಬಾಲ್ ತಂಡ ಗೆದ್ದಿತ್ತು. ಮುಖ್ಯ ಉಪಸಂಪಾದಕರು ಬೀಗುತ್ತಾ ಬಂದರು. "ನಿನ್ನ ಚಿಲ್ಲರೆ ಇವತ್ತು ನೋಟಾಯ್ತು ನೋಡಮ್ಮ, ಪುಟಪೂರ್ತಿ ಬೇಸ್‌ಬಾಲ್. ಆ ಹಾಕೀನ ಆರು ಸಾಲಲ್ಲಿ ಮುಗಿಸು." ಅವಳ ಮುಖ ನೋಡಿ ಮಾತು ನಿಲ್ಲಿಸಿದರು. ಪರದೆಯ ಕಡೆ ಬಗ್ಗಿ ಓದಿದರು. ಓದಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

"ನೀನು ಮನೆಗೆ ಹೋಗಮ್ಮ. ನಾನು ಬರೀತೀನಿ."

"ಮನೇಗೆ ಹೋಗಿ ಅಮ್ಮಂಗೆ ಏನಂತ ಹೇಳ್ಲಿ ಸರ್? ನಂಗೇ ಏನೂ ಗೊತ್ತಿಲ್ಲ."

ಅವಳು ಆರು ಸಾಲು ಬರೆದಳು. ಎಷ್ಟು ತಡೆದ ಎಂಬುದನ್ನು ಏಜೆನ್ಸಿ ಕೊಟ್ಟಿರಲಿಲ್ಲ. ಅದನ್ನು ಬರೆಯಲಾಗಲಿಲ್ಲ.

ಐದು ಗಂಟೆಗೆ ಮ್ಯಾನೇಜರೇ ಫೋನ್ ಮಾಡಿದರು. ಗಂಟಲಿನ ಮೃದು ಎಲುಬು ಮುರಿದಿದೆ, ಕತ್ತಿನಲ್ಲಿ ತೂತು ಮಾಡಿ ಉಸಿರಿಗೆ ಕೊಳವೆ ಇಟ್ಟಿದ್ದಾರೆ, ಜೀವಕ್ಕೆ ಅಪಾಯವಿಲ್ಲ ಎಂದು ಒಂದೇ ಉಸಿರಿಗೆ ಹೇಳಿದರು. "ಎಚ್ಚರ ಇದೆ. ಮಾತಾಡೋಕಾಗಲ್ಲ, ಕೇಳಿಸುತ್ತೆ. ಫೋನ್ ಕಿವಿ ಹತ್ರ ಹಿಡೀತೀನಿ, ಏನಾದ್ರೂ ಹೇಳಿ."

ಆಚೆಯಿಂದ ಕೊಳವೆಯೊಳಗೆ ಗಾಳಿ ಹೋಗಿ ಬರುವ ಸದ್ದು ಕೇಳಿಸಿತು. ಧೈರ್ಯ ಹೇಳಬೇಕೆಂದು ಬಾಯಿ ತೆರೆದಳು. ಇಡೀ ದಿನ ಇನ್ನೊಬ್ಬರ ವಾಕ್ಯ ತಿದ್ದುವವಳಿಗೆ ಒಂದೇ ಒಂದು ವಾಕ್ಯ ಸಿಗಲಿಲ್ಲ. "ಇದೀನಿ ಕಣೋ," ಎಂದಳು. "ಇಲ್ಲೇ ಇದೀನಿ." ಹೇಳಿದ ಮೇಲೆ, ಇಲ್ಲಿರುವುದರಿಂದ ಅವನಿಗೇನು ಉಪಯೋಗ ಎಂದು ಅನಿಸಿತು.

ಮನೆಗೆ ಹೋಗಿ ಅಮ್ಮನಿಗೆ ಎಲ್ಲ ಹೇಳಿದಳು. ಅಮ್ಮ ಅಳಲಿಲ್ಲ.

"ಕತ್ತಿಗೆ ಏನೂ ಹಾಕ್ಕೊಂಡಿರ್ಲಿಲ್ವಾ?"

"ಹಾಕ್ಕೊಂಡಿದ್ದನಮ್ಮ. ಅದರ ಸಂದೀಲಿ ಬಂತು."

"ನಾನು ಹೋಗ್ಬೇಕು."

ಅಮ್ಮನಿಗೂ ಪಾಸ್‌ಪೋರ್ಟ್ ಇರಲಿಲ್ಲ, ಅವಳಿಗೂ ಇರಲಿಲ್ಲ. ಅದನ್ನು ಮಾಡಿಸಿ, ವೀಸಾ ಸಿಕ್ಕಿ ಹೊರಡುವಷ್ಟರಲ್ಲಿ ಅವನೇ ಬಂದಿರುತ್ತಾನೆ ಎಂದು ಪಾಸ್‌ಪೋರ್ಟ್ ಕಚೇರಿಯವರು ಹೇಳಿದರು. ಅವರು ಹೇಳಿದ್ದು ನಿಜವೇ ಆಯಿತು. ಇಪ್ಪತ್ತೆರಡನೇ ದಿನ ತಮ್ಮ ಬಂದ, ಕತ್ತಿಗೆ ಬಿಳಿ ಪಟ್ಟಿ ಸುತ್ತಿಕೊಂಡು.

ಮಾತು ಬಂತು, ದನಿ ಬರಲಿಲ್ಲ. ಊರಿನ ಡಾಕ್ಟರು ಗಂಟಲಿಗೆ ಬೆಳಕು ಬಿಟ್ಟು ನೋಡಿ, ಇನ್ನು ಪಿಸುಮಾತೇ ಗತಿ ಎಂದರು. ಗೋಲಿನ ಬಾಯಲ್ಲಿ ನಿಂತವನು ಮುಂದಿನವರಿಗೆ 'ಎಡಕ್ಕೆ, ಬಲಕ್ಕೆ' ಎಂದು ಕೂಗುತ್ತಲೇ ಇರಬೇಕು. ಹಾಗಾಗಿ ಆಟ ಅಲ್ಲಿಗೇ ಮುಗಿಯಿತು. ಯಾರೂ ಹೇಳುವ ಮೊದಲೇ ಅವನಿಗೆ ಅದು ತಿಳಿದಿತ್ತು. ಲಿಫ್ಟ್ ಕೆಲಸಕ್ಕೆ ಮರಳಿದ.

ಒಂದು ದಿನ ಊಟಕ್ಕೆ ಕೂತಾಗ ಅಮ್ಮ ಅವನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು, "ಇನ್ನೊಂಚೂರು ಹಾಕ್ಲಾ?" ಅವನೂ ಪಿಸುಗುಟ್ಟಿದ, "ಸಾಕು."

ಅವಳು ತಟ್ಟೆಯಿಂದ ಮುಖವೆತ್ತಿದಳು. "ಅಮ್ಮ, ಅವನಿಗೆ ಕಿವಿ ಸರಿಯಾಗೇ ಇದೆ. ನೀನು ಜೋರಾಗಿ ಮಾತಾಡು."

ತಮ್ಮ ನಕ್ಕ. ಭುಜ ಕುಲುಕಿತು, ಸದ್ದು ಬರಲಿಲ್ಲ. ಅಮ್ಮ ಅವನನ್ನೇ ನೋಡುತ್ತಾ ಕೂತರು. ಆಮೇಲೆ ಅವಳ ಕಡೆ ತಿರುಗಿ, ಅದೇ ಪಿಸುದನಿಯಲ್ಲಿ, "ಪ್ರಯತ್ನಪಟ್ಟೆ ಕಣೆ," ಎಂದರು. "ಇವನ ಮುಂದೆ ದನಿ ಏಳ್ತಾನೇ ಇಲ್ಲ."