ಘಮ ಎಂಬ ಸುಳ್ಳು

ಒಂಬತ್ತು ವರ್ಷದ ಆ ಹುಡುಗಿಗೆ ಗೊರಕೆರಾಣಿ ಎಂದು ಹೆಸರಿಟ್ಟವಳು ಅವಳ ಅಜ್ಜಿ. ಹುಟ್ಟಿದಾಗಿನಿಂದ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಕಾಯಿಲೆ. ಮೈಯೊಳಗಿನ ಲೋಳೆಯೆಲ್ಲ ಅಂಟಿನಷ್ಟು ಗಟ್ಟಿ. ಎದೆಯನ್ನು ಕಾಡಿದ್ದು ಸಾಲದೆಂದು ಅದು ಸೈನಸ್ಸಿನಲ್ಲೂ ಠಿಕಾಣಿ ಹೂಡಿತ್ತು, ಮೂಗಿನೊಳಗೆ ದುರ್ಮಾಂಸ ಬೆಳೆದಿತ್ತು. ವಾಸನೆ ಎಂದರೇನೆಂದೇ ಮಗುವಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಪೈಕಿಯೂ ಅಲ್ಲ. ಹೂವೋ ಸೋಪೋ, ಏನು ಹಿಡಿದರೂ ಎದುರಿನವರ ಮುಖ ನೋಡಿ "ಘಮ ಅಂತಿದೆ" ಎಂದುಬಿಡುತ್ತಿದ್ದಳು. ಒಮ್ಮೆ ಸೀಮೆಎಣ್ಣೆಗೂ ಹಾಗೇ ಅಂದು ಸಿಕ್ಕಿಬಿದ್ದಿದ್ದಳು.

ಅಮ್ಮನಿಗೆ ಮೀನು ಕತ್ತರಿಸಿ ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಕೆಲಸ. ನಿಂಬೆಹಣ್ಣು ಉಜ್ಜಿ ಕೈ ತೊಳೆದರೂ ಆ ವಾಸನೆ ಜಪ್ಪಯ್ಯ ಅಂದರೂ ಹೋಗುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯೇ. ಮೂಗು ಮುರಿಯದೆ ಅವಳನ್ನು ತಬ್ಬಿಕೊಳ್ಳುವ ಜೀವ ಲೋಕದಲ್ಲಿ ಈ ಮಗಳೊಬ್ಬಳೇ. ಆದರೂ ಅಮ್ಮನ ಹಂಬಲವೇ ಬೇರೆ: ಈ ಮಗು ಒಂದು ಸಲವಾದರೂ ತನ್ನ ವಾಸನೆಗೆ ಮೂಗು ಮುಚ್ಚಿಕೊಳ್ಳಬೇಕು. ಎಂಥ ಹುಚ್ಚು ಆಸೆ ಎಂದು ಅವಳಿಗೇ ನಗು ಬರುತ್ತಿತ್ತು.

ಡಾಕ್ಟರು ಆಪರೇಷನ್ ಮಾಡಿ ದುರ್ಮಾಂಸ ತೆಗೆದರು. ಈ ಕಾಯಿಲೆಯಲ್ಲಿ ಅದು ಮತ್ತೆ ಬೆಳೆಯುವುದುಂಟು, ದಿನಾ ಉಪ್ಪುನೀರಿನಲ್ಲಿ ಮೂಗು ತೊಳೆಯಿರಿ, ವಾಸನೆ ತಿಳಿಯದಂತಾದರೆ ತಡಮಾಡದೆ ಬನ್ನಿ ಎಂದರು. ಊತ ಇಳಿಯುವ ಹೊತ್ತಿಗೆ ಅಜ್ಜಿ ಮನೆಯನ್ನು ಸುಗಂಧದಂಗಡಿ ಮಾಡಿದ್ದಳು. ಕಾಫಿಪುಡಿ, ಕಿತ್ತಳೆಸಿಪ್ಪೆ, ಹೊಸ ಪುಸ್ತಕ. ಎಲ್ಲದಕ್ಕೂ ಹುಡುಗಿಯದು ಅದೇ "ಘಮ". ನಿಜವೋ ಅಭ್ಯಾಸಬಲವೋ, ಯಾರನ್ನು ಕೇಳುವುದು?

ಒಂದು ಸಂಜೆ ಅಮ್ಮ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದಳು. ಓಡಿಬಂದು ತಬ್ಬಿಕೊಂಡ ಹುಡುಗಿ ಗಕ್ಕನೆ ಹಿಂದೆ ಸರಿದಳು.

"ಅಮ್ಮಾ, ನೀನು ನಾತ ಹೊಡೀತಿದೀಯ."

ಅಮ್ಮ ಹೊಸ್ತಿಲ ಮೇಲೇ ಕುಸಿದು ಕೂತು ಅತ್ತಳು. ಇಂಥ ಮಾತು ಕೇಳಿ ಇಷ್ಟು ಸಂತೋಷಪಟ್ಟವರನ್ನು ತನ್ನ ಆಯುಷ್ಯದಲ್ಲೇ ಕಂಡಿಲ್ಲವೆಂದು ಅಜ್ಜಿ ಗೊಣಗಿದಳು. ಹುಡುಗಿ ಮೂಗು ಹಿಡಿದುಕೊಂಡೇ ಹತ್ತಿರ ಬಂದಳು. ಮೆಲ್ಲಗೆ ಬೆರಳು ತೆಗೆದು ಅಮ್ಮನ ಭುಜ ಮೂಸಿ, "ಇದೇನಾ ನೀನು?" ಎಂದಳು.

ಅಲ್ಲಿಂದಾಚೆಗೆ ದಿನಾ ಸಂಜೆ ಅದೇ ಆಟ. ಮಗಳು ನಾತ ನಾತ ಎಂದು ಕುಣಿಯುವಳು, ಅಮ್ಮ ಅಟ್ಟಿಸಿಕೊಂಡು ಹೋಗುವಳು. ಅಮ್ಮ ನಿಂಬೆಹಣ್ಣು ಉಜ್ಜುವುದನ್ನೇ ಬಿಟ್ಟಳು. ಬಸ್ಸಿನವರ ಪಾಡು ಬಸ್ಸಿನವರಿಗೆ.

ಎಂಟು ತಿಂಗಳು ಹೀಗೆ ಕಳೆಯಿತು. ಆಮೇಲೊಂದು ವಾರ ಅಜ್ಜಿ ಮತ್ತೆ ಗೊರಕೆಯ ದೂರು ಹೇಳತೊಡಗಿದಳು. ನೆಗಡಿಯಿರಬೇಕು ಎಂದು ಅಮ್ಮ ಮಾತು ಹಾರಿಸಿದಳು. ಆ ಸಂಜೆ ಮಾತ್ರ ಬಾಗಿಲಲ್ಲೇ ನಿಂತು ಕಾದಳು. ಹುಡುಗಿ ಬಂದು ತಬ್ಬಿಕೊಂಡಳು. ಭುಜಕ್ಕೆ ಮೂಗು ಒತ್ತಿದಳು, ಇನ್ನೂ ಒತ್ತಿದಳು. ಆಮೇಲೆ ತಲೆಯೆತ್ತಿ ಅಮ್ಮನ ಮುಖ ನೋಡಿದಳು.

"ಘಮ ಅಂತಿದೀಯಮ್ಮ."

ಅಮ್ಮನ ಮುಖ ಬಾಡಿತು. ಮುಖ ಓದುವುದರಲ್ಲಿ ಪಳಗಿದ ಹುಡುಗಿ ತಟಕ್ಕನೆ ಮೂಗು ಮುಚ್ಚಿಕೊಂಡಳು.

"ಇಲ್ಲ ಇಲ್ಲ, ನಾತ. ತುಂಬಾ ನಾತ ಅಮ್ಮ."

ಅಮ್ಮ ಅವಳನ್ನು ಎತ್ತಿಕೊಂಡೇ ಡಾಕ್ಟರಿಗೆ ಫೋನು ಮಾಡಿದಳು.