ನಿಂತ ಫ್ಯಾನಿನ ವಿಮಾನ

ರಾಮಲಿಂಗಯ್ಯನ ಕತ್ತು ಮೂರನೇ ಸಲ ಎಡಕ್ಕೆ ವಾಲಿತು. ತಮ್ಮ ಸಿದ್ದರಾಮು ಗಲ್ಲ ಎತ್ತಿ ಹಿಡಿದು, ಬೆನ್ನ ಹಿಂದೆ ಇನ್ನೊಂದು ದಿಂಬು ತುರುಕಿದ. ಊರಿನ ರೂಢಿಯಂತೆ, ಚಟ್ಟಕ್ಕೆ ಏರಿಸುವ ಮುನ್ನ ಹೆಣವನ್ನು ಜಗಲಿಯಲ್ಲಿ ಕುರ್ಚಿಯ ಮೇಲೆ ಕೂರಿಸಿ, ಮನೆಯವರು ಪಕ್ಕದಲ್ಲಿ ಕೂತು ಪಟ ತೆಗೆಸಿಕೊಳ್ಳಬೇಕು. ಕುದೂರಿನಲ್ಲಿ ಅಂಥ ಪಟಗಳನ್ನೆಲ್ಲ ತೆಗೆದವನು ಸ್ಟುಡಿಯೋ ರಾಮಲಿಂಗಯ್ಯನೇ. ಇವತ್ತು ಅವನ ಕ್ಯಾಮೆರಾ ಮಾಗಡಿಯ ಗೆಳೆಯ ಸಮೀವುಲ್ಲಾನ ಕೈಯಲ್ಲಿತ್ತು.

"ಜಗ್ಲೀಲಿ ಬೆಳಕು ಸಾಲ್ದು. ಕ್ಯಾಮೆರಾದ ಐಎಸ್‌ಒ ಏರಿಸ್ಬೇಕು," ಎಂದ ಸಮೀವುಲ್ಲಾ.

"ಏನಾರ ಏರ್ಸಿ, ಬ್ಯಾಗ ಹೊಡೀರಿ ಸಮಿಯಣ್ಣ. ಹೊತ್ತಾಯ್ತದೆ," ಎಂದು ಸಿದ್ದರಾಮು ಗೊಣಗಿದ.

ಪುಟ್ಟಗೌರಮ್ಮನಿಗೆ ರೇಗಿಹೋಯಿತು. ಗಂಡ ಬದುಕಿದ್ದಾಗಲೂ ಇದೇ ಗೋಳು, ಸತ್ತ ಮೇಲೂ ಇದೇ! ಮೂವತ್ತೆರಡು ವರ್ಷದ ಸಂಸಾರದಲ್ಲಿ ಇಬ್ಬರೂ ಒಟ್ಟಿಗಿರುವ ಒಂದು ಪಟ ಮನೆಯಲ್ಲಿಲ್ಲ. ಮದುವೆ ಆಲ್ಬಮ್ಮನ್ನು ಗೆದ್ದಲು ತಿಂದಿತ್ತು. ಆಮೇಲೆ ಯಾವಾಗ ನೋಡಿದರೂ ಕ್ಯಾಮೆರಾದ ಹಿಂದೆ ನಿಂತವನು ಅವನೇ. ಈಗ ಚಟ್ಟ ಕಟ್ಟಿ ಮುಗಿಸುವುದರೊಳಗೆ ಆದರೆ ಆಯಿತು, ಇಲ್ಲದಿದ್ದರೆ ಇಲ್ಲವೇ ಇಲ್ಲ.

"ನಿಮ್ ಮೀಟಿಂಗು ಮುಗುದ್ರೆ ಹೇಳಿ, ಬಂದು ಕೂತ್ಕತೀನಿ," ಎಂದಳು.

*

ಯಲಹಂಕದಲ್ಲಿ ವಿಮಾನ ಪ್ರದರ್ಶನ ಬಂತೆಂದರೆ ರಾಮಲಿಂಗಯ್ಯ, ಸಮೀವುಲ್ಲಾ ಇಬ್ಬರಿಗೂ ಮದುವೆ ಆರ್ಡರೂ ಬೇಡ. ಒಂದು ಸಲ ಅವಳನ್ನೂ ಕರೆದುಕೊಂಡು ಹೋಗಿದ್ದರು. ಸುಡುಬಿಸಿಲಲ್ಲಿ ಅವಳು ಬುತ್ತಿ ಹಿಡಿದು ನಿಂತಿದ್ದರೆ, ತಲೆಯ ಮೇಲೆ ವಿಮಾನ ಹಾರಿಹೋದರೂ ಇವರ ಜಗಳ ನಿಲ್ಲಲಿಲ್ಲ.

"ಶಟ್ಟರ್ ಸ್ಪೀಡು ಎರಡು ಸಾವ್ರಕ್ಕೆ ಇಡ್ಲಾ, ಕ್ಲಿಯರ್ರಾಗಿ ಬತ್ತದೆ," ಎಂದಿದ್ದ ಸಮೀವುಲ್ಲಾ.

"ಜೆಟ್ಟಿಗಾದ್ರೆ ಸರಿ ಕಣ್ಲಾ. ಮುಂದೆ ಫ್ಯಾನಿರೋ ವಿಮಾನಕ್ಕೆ ಅಷ್ಟಿಟ್ರೆ ಫ್ಯಾನು ನಿಂತೋದಂಗೆ ಕಾಣ್ತದೆ. ಫ್ಯಾನು ನಿಂತ್ರೆ ವಿಮಾನ ಸತ್ತಂಗೆ! ನೂರಿಪ್ಪತ್ತೈದಕ್ಕೆ ಇಳ್ಸು, ತಿರುಗೋದು ಕಾಣ್ತದೆ."

"ಅಂಗಿಟ್ರೆ ಹತ್ರಲ್ಲಿ ಒಂಬತ್ತು ಮಸುಕು."

"ಒಂದಾದ್ರೂ ಹಾರ್ತದಲ್ಲ!"

ರಾಮಲಿಂಗಯ್ಯನವು ಹತ್ತೂ ಮಸುಕಾದವು. ಆದರೂ ಬಸ್ಸಿನಲ್ಲಿ ಹೆಂಡತಿಯ ಮುಖಕ್ಕೇ ಕ್ಯಾಮೆರಾ ಹಿಡಿದು, "ನೋಡು ಗೌರಿ, ಫ್ಯಾನು ಹೆಂಗೆ ತಿರುಗ್ತಾ ಐತೆ," ಎಂದ.

"ಮೊದ್ಲು ವಿಮಾನ ಎಲ್ಲೈತೆ ತೋರ್ಸಿ," ಎಂದು ಅವಳು ಸಿಡುಕಿದ್ದಳು. ಇಬ್ಬರದೂ ಒಂದು ಪಟ ತೆಗೆಸೋಣವೆಂದರೆ ಅಷ್ಟರಲ್ಲಿ ಬ್ಯಾಟರಿ ಮುಗಿದಿತ್ತು.

*

"ಅತ್ಗೆ, ಕಣ್ಣೊರಸ್ಕಳಿ. ನೆಟ್ಟಗೆ ಕೂತ್ಕಳಿ. ಅಲ್ಲಾಡ್ಬ್ಯಾಡಿ," ಎಂದ ಸಿದ್ದರಾಮು.

ಹೆಂಗಸರು ಅವಳ ಹಣೆಗೆ ಅಗಲ ಕುಂಕುಮವಿಟ್ಟು, ಕೈತುಂಬ ಹಸಿರು ಬಳೆ ತೊಡಿಸಿದ್ದರು. ಅವಳು ಹೇಳಿದಂತೆ ಕೂತಳು. ಸಮೀವುಲ್ಲಾ ಪಟ ಹೊಡೆದು ತಂದು ತೋರಿಸಿದ. ಹೆಣದ ಕೊರಳ ಹಾರದಲ್ಲಿ ಒಂದೊಂದು ಹೂವಿನ ಎಸಳೂ ಕಾಣುತ್ತಿತ್ತು. ಪುಟ್ಟಗೌರಮ್ಮ ಬಹಳ ಹೊತ್ತು ನೋಡಿದಳು.

"ಶಟ್ಟರು ಎಷ್ಟಕ್ಕಿಟ್ಟಿದ್ರಿ?"

"ಅಳ್ತಾ ಅಲ್ಲಾಡ್ತೀರಿ ಅಂತ ಎರಡು ಸಾವ್ರಕ್ಕಿಟ್ಟೆ ಅಕ್ಕಾ."

"ಅದ್ಕೇ ಮತ್ತೆ! ಇದ್ರಲ್ಲಿ ಇಬ್ರೂ ಸತ್ತೋಗಿದೀವಿ. ಇಳ್ಸಿ."

"ಇಳ್ಸಿದ್ರೆ ನೀವು ಒಸಿ ಅಲ್ಲಾಡಿದ್ರೂ ಮಸುಕಾಯ್ತದೆ."

"ಆಗ್ಲಿ ಬುಡಿ! ನಾನಿನ್ನೂ ಉಸ್ರಾಡ್ತಾ ಇವ್ನಿ ಕಣಣ್ಣ."

ಚಟ್ಟ ಸಿದ್ಧವಾಗಿತ್ತು. ಸಿದ್ದರಾಮು ತಲೆ ಚಚ್ಚಿಕೊಂಡ. ಸಮೀವುಲ್ಲಾ ಮತ್ತೆ ಕ್ಯಾಮೆರಾ ಎತ್ತಿಕೊಂಡ. ಐಎಸ್‌ಒ ಇಳಿಸಿದ, ಶಟ್ಟರನ್ನು ಹದಿನೈದಕ್ಕೆ ತಂದ. ತೋಳಿನಿಂದ ಕಣ್ಣೊರೆಸಿಕೊಂಡು, ಜಗಲಿಯ ಕಂಬಕ್ಕೆ ಒರಗಿ ಉಸಿರು ಬಿಗಿಹಿಡಿದ.

ಆಗಲೇ ರಾಮಲಿಂಗಯ್ಯನ ತುಟಿಯ ಮೇಲೊಂದು ನೊಣ ಬಂದು ಕೂತಿತು. "ಥೂ, ಇದೊಂದು!" ಎನ್ನುತ್ತಾ ಪುಟ್ಟಗೌರಮ್ಮ ಬಾಗಿ ಕೈ ಬೀಸಿದಳು. ಕ್ಯಾಮೆರಾ ಸದ್ದು ಮಾಡಿತು.

ಪಟದಲ್ಲಿ ರಾಮಲಿಂಗಯ್ಯನ ಬಿಳಿ ಗಡ್ಡದ ಕೂದಲನ್ನು ಒಂದೊಂದಾಗಿ ಎಣಿಸಬಹುದಿತ್ತು. ಅವನ ಮುಖದ ಮುಂದೆ ಹಸಿರು ಬಳೆಗಳು ಗಿರ್ರನೆ ತಿರುಗುತ್ತಿದ್ದವು.